ಸಹಾಯ ಬೇಕು: ಮೊದಲ ಒಳ್ಳೆಯ ಲ್ಯಾಪ್ ಸ್ಟೀಲ್ ಗಿಟಾರ್, ಹೊಸದೋ ಹಳೆಯದೋ?

ಎಲ್ಲರಿಗೂ ನಮಸ್ಕಾರ. ಮಾಮೂಲಿ ಅಕೂಸ್ಟಿಕ್ ಗಿಟಾರಿಗೆ ಎತ್ತರದ ನಟ್ (ತಲೆಯ ಕಡೆ ತಂತಿಗಳನ್ನು ಎತ್ತಿ ಹಿಡಿಯುವ ಪಟ್ಟಿ) ಹಾಕಿ, ತೊಡೆ ಮೇಲಿಟ್ಟು ಸ್ಟೀಲ್ ಬಾರ್‌ನಲ್ಲಿ ನುಡಿಸುತ್ತಿದ್ದೇನೆ. ಈಗ ಸರಿಯಾದ ಆರು ತಂತಿಯ ಲ್ಯಾಪ್ ಸ್ಟೀಲ್ ಬೇಕು. ಅಣ್ಣ ದೀಪಾವಳಿಗೆ ಅಮೆರಿಕದಿಂದ ಬರುತ್ತಾನೆ, ಅವನ ಕೈಲಿ ತರಿಸೋಣ ಅಂತ. ಬಜೆಟ್ 70 ಸಾವಿರ.

ಮನಸ್ಸೆಲ್ಲ 1950ರ ದಶಕದ ಫೆಂಡರ್ ಚಾಂಪ್ ಅಥವಾ ಸುಪ್ರೋ ಲ್ಯಾಪ್ ಸ್ಟೀಲ್ ಮೇಲಿದೆ. ಈ ವಾದ್ಯದಲ್ಲಿ ತಂತಿಯನ್ನು ಫ್ರೆಟ್‌ಗೆ ಒತ್ತುವುದೇ ಇಲ್ಲ, ಅವು ಬರೀ ಗುರುತಿನ ಗೆರೆ. ಹಾಗಾಗಿ ಹಳೆಯದಾದರೂ ಫ್ರೆಟ್ ಸವೆದಿರುವ ಚಿಂತೆ ಇಲ್ಲ, ಅಲ್ವಾ? ಭಯ ಇರುವುದು ತಂತಿಯ ಕಂಪನ ಹಿಡಿದು ಆಂಪ್ಲಿಫೈಯರಿಗೆ ಕಳಿಸುವ ಪಿಕಪ್‌ದು. ಒಳಗಿನ ಕೂದಲೆಳೆಯಂಥ ತಂತಿ ಕಡಿದಿದ್ದರೆ ಇಲ್ಲಿ ಯಾರು ಸುತ್ತಿಕೊಡುತ್ತಾರೆ? ಶ್ರುತಿ ಮಾಡುವ ಕೀಲಿಗಳ ಪ್ಲಾಸ್ಟಿಕ್ ಗುಂಡಿ ಮುಟ್ಟಿದರೆ ಪುಡಿಯಾಗುವುದೂ ಉಂಟಂತೆ. ಅಣ್ಣನಿಗೆ ಸಂಗೀತದ ಗಂಧಗಾಳಿ ಇಲ್ಲ, ಮಲ್ಟಿಮೀಟರ್ ಹಿಡಿಯಲು ಮಾತ್ರ ಬರುತ್ತದೆ. ಕೊಳ್ಳುವ ಮುಂಚೆ ಅವನು ಏನೇನು ನೋಡಬೇಕು?

ರಿಕನ್‌ಬ್ಯಾಕರ್ ಕಂಪನಿಯ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಗಿಟಾರಿನ ಧ್ವನಿಗೆ ಮರುಳಾಗಿದ್ದೇನೆ. ಆದರೆ ಅದು ಬಿಸಿಗೆ ಶ್ರುತಿ ಬಿಡುತ್ತದೆ, ನಮ್ಮದು ರಾಯಚೂರು! ಸುಮ್ನೆ ಆಸೆ ಅಷ್ಟೇ.

ಹೊಸದಾದರೆ ರಿಪೇರಿ ತಲೆನೋವು ಕಡಿಮೆ, ಗೊತ್ತು. ಇನ್ನೊಂದು ಗೊಂದಲ ತಂತಿಯ ಉದ್ದದ್ದು. ಗಿಡ್ಡ ಅಳತೆಯ, ಅಂದರೆ 22.5 ಇಂಚಿನದರಲ್ಲಿ ಬಾರ್ ಓರೆ ಹಿಡಿಯುವುದು ಸುಲಭ. ನಾನು ಜಾಸ್ತಿ ನುಡಿಸುವುದು ಓಪನ್ ಡಿ (ಬಾರ್ ಇಡದೆ ಮೀಟಿದರೇ ಡಿ ಮೇಜರ್ ಕಾರ್ಡ್ ಬರುವ ಶ್ರುತಿ). ಗಿಡ್ಡದರಲ್ಲಿ ಮಂದ್ರದ ತಂತಿ ಸಡಿಲ ಅನಿಸುತ್ತದಾ, ಅಥವಾ ದಪ್ಪ ತಂತಿ ಹಾಕಿದರೆ ಸಾಕಾ? ಇದನ್ನೂ ಇದಕ್ಕಿಂತ ಉದ್ದದ್ದನ್ನೂ ನುಡಿಸಿದವರು ದಯವಿಟ್ಟು ಹೇಳಿ.