ವಿದೇಶದ ಶೋಕೇಸ್ ಫೆಸ್ಟಿವಲ್‌ಗೆ ಹೊರಟ ಬ್ಯಾಂಡ್: ಪ್ರಚಾರಕ್ಕೆ ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮದು ಬನಶಂಕರಿಯ ಐದು ಜನರ ಬ್ಯಾಂಡ್. ಗಿಟಾರ್, ಬೇಸ್, ಡ್ರಮ್ಸ್, ಕೊಳಲು, ತಮಟೆ. ಹಾಡೋದು ಕನ್ನಡದಲ್ಲೇ. ಜಾಸ್ತಿ ಸ್ವಂತ ಹಾಡುಗಳು, ಜೊತೆಗೆ ಒಂದೆರಡು ತತ್ವಪದ, ಬೇಂದ್ರೆಯವರ ಒಂದು ಕವಿತೆ. ಮೇ ತಿಂಗಳಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ನಡೆಯುವ ದಿ ಗ್ರೇಟ್ ಎಸ್ಕೇಪ್ ಫೆಸ್ಟಿವಲ್‌ಗೆ ಆಯ್ಕೆ ಆಗಿದ್ದೇವೆ. ಮಧ್ಯಾಹ್ನ ಅರ್ಧ ಗಂಟೆ ಕೊಟ್ಟಿದ್ದಾರೆ. ಕೋರಮಂಗಲ, ಇಂದಿರಾನಗರದಲ್ಲಿ ಶೋ ಮಾಡಿ ಅಭ್ಯಾಸ ಇದೆ, ಹೊರದೇಶ ಇದೇ ಮೊದಲು. ಪೋಸ್ಟರ್, ಟೀ ಶರ್ಟ್, ಇನ್‌ಸ್ಟಾಗ್ರಾಂ ಜಾಹೀರಾತು ಅಂತ ಸ್ವಲ್ಪ ದುಡ್ಡು ಕೂಡಿಸಿಟ್ಟಿದ್ದೇವೆ. ಎಲ್ಲಿ ಹಾಕಿದರೆ ಪ್ರಯೋಜನ ಆಗುತ್ತದೆ?

ಉತ್ತರ (ಬ್ಯಾಂಡ್ ಮ್ಯಾನೇಜರ್, ಬೆಂಗಳೂರು): ಅಭಿನಂದನೆ! ಕನ್ನಡದ ಬ್ಯಾಂಡ್ ಅಲ್ಲಿಗೆ ಹೋಗುತ್ತಿದೆ ಅಂದರೆ ನನಗೆ ನಿಜಕ್ಕೂ ಖುಷಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪೋಸ್ಟರ್‌ಗೆ ದುಡ್ಡು ಹಾಕಬೇಡಿ. ಇದು ಶೋಕೇಸ್ ಫೆಸ್ಟಿವಲ್, ಅಂದರೆ ಹೊಸ ಬ್ಯಾಂಡ್‌ಗಳು ಸಂಗೀತ ಉದ್ಯಮದವರ ಎದುರು ತಮ್ಮನ್ನು ತೋರಿಸಿಕೊಳ್ಳುವ ಜಾಗ. 2006ರಿಂದ ನಡೆಯುತ್ತಿದೆ. ಊರಿನ 30ಕ್ಕೂ ಹೆಚ್ಚು ಜಾಗಗಳಲ್ಲಿ 450ಕ್ಕೂ ಹೆಚ್ಚು ಹೊಸ ಕಲಾವಿದರು ಹಾಡುತ್ತಾರೆ. ನೀವು ಸ್ಟೇಜ್ ಮೇಲಿರುವ ಹೊತ್ತಿಗೇ ಆಚೀಚೆ ಬೀದಿಗಳಲ್ಲಿ ಎಷ್ಟೋ ಬ್ಯಾಂಡ್‌ಗಳು ನುಡಿಸುತ್ತಿರುತ್ತವೆ. ಪೋಸ್ಟರ್ ನೋಡಿ ನಾಲ್ಕು ಜನ ಒಳಗೆ ಬಂದರೆ ಸಂತೋಷವೇ. ಆದರೆ ನಿಮ್ಮ ಮುಂದಿನ ವರ್ಷ ಹೇಗಿರುತ್ತದೆ ಅನ್ನೋದು ಕೊರಳಿಗೆ ಡೆಲಿಗೇಟ್ ಪಾಸ್ ಹಾಕಿಕೊಂಡು ಓಡಾಡುವವರ ಕೈಯಲ್ಲಿದೆ. ಬುಕಿಂಗ್ ಏಜೆಂಟ್, ಪ್ರಮೋಟರ್, ಬೇರೆ ಫೆಸ್ಟಿವಲ್‌ಗಳಿಗೆ ಬ್ಯಾಂಡ್ ಆರಿಸುವವರು, ಲೇಬಲ್‌ನವರು, ರೇಡಿಯೋದವರು. ಯಾರನ್ನು ನೋಡಬೇಕು ಅನ್ನೋ ಪಟ್ಟಿಯನ್ನು ಇವರು ಬರುವ ಮುಂಚೆಯೇ ಮಾಡಿಕೊಂಡಿರುತ್ತಾರೆ. ಒಂದು ಕಡೆ ಎರಡು ಹಾಡು ಕೇಳಿ ಇನ್ನೊಂದು ಕಡೆಗೆ ಹೊರಡುತ್ತಾರೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಬೇಕು. ಆ ಕೆಲಸ ಏಪ್ರಿಲ್‌ನಲ್ಲಿ, ಬನಶಂಕರಿಯಲ್ಲಿ ಕೂತೇ ಆಗಬೇಕು.

ಕೂಡಿಸಿದ ದುಡ್ಡಲ್ಲಿ ಮೊದಲು ಒಂದು ಒಳ್ಳೆ ಲೈವ್ ವಿಡಿಯೋ ಮಾಡಿಸಿ. ಡ್ರೋನ್ ಬೇಡ, ನಂದಿ ಬೆಟ್ಟದ ಸೂರ್ಯೋದಯ ಬೇಡ. ಜನ ಎದುರಿಗೆ ನಿಂತಿರುವ ಒಂದು ಶೋ, ಒಂದೇ ಹಾಡು, ಮಿಕ್ಸರ್‌ನಿಂದ ನೇರವಾಗಿ ತೆಗೆದ ಸೌಂಡ್. ಮೊದಲ ಇಪ್ಪತ್ತು ಸೆಕೆಂಡಿನೊಳಗೆ ದನಿ ಅಥವಾ ತಮಟೆ ಕೇಳಿಸಬೇಕು. ಆರಿಸುವವರಿಗೆ ಗೊತ್ತಾಗಬೇಕಾದ್ದು ಒಂದೇ: ಇವರು ಸ್ಟೇಜ್ ಮೇಲೆ ಹೇಗಿರುತ್ತಾರೆ?

ಆಮೇಲೆ ಡೆಲಿಗೇಟ್‌ಗಳ ಪಟ್ಟಿ ಹಿಡಿದು ಕೂರಿ. ಎಲ್ಲರಿಗೂ ಒಂದೇ ಮೇಲ್ ಕಳಿಸಿದರೆ ಯಾರೂ ಓದಲ್ಲ. ನಿಮ್ಮಂಥ ಸಂಗೀತವನ್ನು ಈಗಾಗಲೇ ಕರೆಸಿದವರು ಯಾರು ಅಂತ ಹುಡುಕಿ. ಕನ್ನಡಕ್ಕೆ ಅಲ್ಲಿ ಕಿವಿ ಇಲ್ಲ ಅಂದುಕೊಳ್ಳಬೇಡಿ. ರಘು ದೀಕ್ಷಿತ್ ಪ್ರಾಜೆಕ್ಟ್ 2010ರಲ್ಲೇ ಬಿಬಿಸಿಯಲ್ಲಿ ಜೂಲ್ಸ್ ಹಾಲಂಡ್ ನಡೆಸುವ ಕಾರ್ಯಕ್ರಮದಲ್ಲಿ ಹಾಡಿ ಬಂದಿದೆ. ಇಂಥ ಬ್ಯಾಂಡ್‌ಗಳು ಯಾವ ಫೆಸ್ಟಿವಲ್‌ಗಳಲ್ಲಿ ನುಡಿಸಿವೆ, ಅವುಗಳ ಏಜೆಂಟ್ ಯಾರು ಅಂತ ಅವರವರ ಪೇಜ್‌ಗಳಲ್ಲೇ ಸಿಗುತ್ತದೆ. ಮೂವತ್ತು ಹೆಸರು ಸಾಕು.

ಮೇಲ್ ಹೀಗಿರಲಿ. ವಿಷಯದ ಸಾಲಿನಲ್ಲಿ ಬ್ಯಾಂಡ್ ಹೆಸರು, ಬೆಂಗಳೂರು, ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ. ಒಳಗೆ ಮೊದಲ ಸಾಲಿನಲ್ಲಿ ಅವರಿಗೇ ಯಾಕೆ ಬರೆಯುತ್ತಿದ್ದೀರಿ ಅಂತ. ಎರಡನೇ ಸಾಲಿನಲ್ಲಿ ನೀವು ಯಾರು ಅಂತ, ವಿಶೇಷಣ ಇಲ್ಲದೆ. ಮೂರನೇ ಸಾಲಿನಲ್ಲಿ ವಿಡಿಯೋ ಲಿಂಕ್. ಕೊನೆಗೆ ಕಾಫಿಗೆ ಹದಿನೈದು ನಿಮಿಷ ಸಿಗುತ್ತೀರಾ ಅಂತ ಕೇಳಿ. ಅಟ್ಯಾಚ್‌ಮೆಂಟ್ ಹಾಕಬೇಡಿ. ಶೋಗೆ ನಾಲ್ಕೈದು ವಾರ ಮುಂಚೆ ಒಂದು ಸಲ, ಹಿಂದಿನ ವಾರ ಇನ್ನೊಂದು ಸಲ. ಅಷ್ಟೇ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಮೇಡಂ. ಅಲ್ಲಿನ ಜನಕ್ಕೆ ಅರ್ಥ ಆಗಲಿ ಅಂತ ಎರಡು ಹಾಡು ಇಂಗ್ಲಿಷ್‌ನಲ್ಲಿ ಮಾಡೋಣ ಅಂತ ನಮ್ಮಲ್ಲಿ ಚರ್ಚೆ ನಡೀತಿದೆ. ಮತ್ತೆ ತಮಟೆ ತಗೊಂಡು ಹೋಗೋದು ಕಷ್ಟ ಆಗುತ್ತಾ?

ಉತ್ತರ: ಇಂಗ್ಲಿಷ್ ಬೇಡ. ಇಂಗ್ಲಿಷ್‌ನಲ್ಲಿ ಚೆನ್ನಾಗಿ ಹಾಡುವವರು ಅಲ್ಲಿ ಬೀದಿಗೊಬ್ಬರಿದ್ದಾರೆ. ನಿಮ್ಮನ್ನು ಆರಿಸಿದವರು ಕನ್ನಡ ಕೇಳಿಯೇ ಆರಿಸಿದ್ದಾರೆ ಅಲ್ವಾ? ಹಾಡಿಗೆ ಮುಂಚೆ ಎರಡು ವಾಕ್ಯ ಇಂಗ್ಲಿಷ್‌ನಲ್ಲಿ ಹೇಳಿ, ಸಾಕು. ತತ್ವಪದದ ಅರ್ಥ ಬಿಡಿಸಲು ಹೊರಟರೆ ಅರ್ಧ ಗಂಟೆಯಲ್ಲಿ ಒಂದು ಹಾಡು ಹೋಗುತ್ತದೆ.

ಬೇಂದ್ರೆಯವರ ಕವಿತೆ ವಿಚಾರ ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು. ನಮ್ಮ ಕಾನೂನಿನಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಹಾಗಾಗಿ 2041ರ ಕೊನೆಯವರೆಗೂ ಹಕ್ಕು ಇದ್ದೇ ಇದೆ. ಹಕ್ಕು ಇರುವವರಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಹಳೆಯ ತತ್ವಪದಗಳ ಸಾಹಿತ್ಯ ಎಲ್ಲರದ್ದು. ಆದರೆ ನೀವು ಹಾಡುತ್ತಿರುವ ಧಾಟಿ ಕ್ಯಾಸೆಟ್ ಕಾಲದಲ್ಲಿ ಯಾರೋ ಹಾಕಿದ ರಾಗ ಸಂಯೋಜನೆ ಆಗಿದ್ದರೆ ಅದಕ್ಕೂ ಹಕ್ಕುದಾರರು ಇರುತ್ತಾರೆ. ಲೇಬಲ್‌ನವರು ಆಸಕ್ತಿ ತೋರಿಸಿದ ಕೂಡಲೇ ಕೇಳುವ ಪ್ರಶ್ನೆ ಇದು. ಸ್ವಂತ ಹಾಡುಗಳನ್ನು ಐಪಿಆರ್‌ಎಸ್‌ನಲ್ಲಿ (ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ರಾಯಲ್ಟಿ ವಸೂಲಿ ಮಾಡಿಕೊಡುವ ನಮ್ಮ ದೇಶದ ಸಂಸ್ಥೆ) ನೋಂದಾಯಿಸಿ. ಬ್ರೈಟನ್‌ನಲ್ಲಿ ಹಾಡಿದ ಹಾಡುಗಳ ಪಟ್ಟಿ ಸಲ್ಲಿಸಿದರೆ ಬ್ರಿಟನ್‌ನ ಇಂಥದ್ದೇ ಸಂಸ್ಥೆ ಪಿಆರ್‌ಎಸ್ ಮೂಲಕ ರಾಯಲ್ಟಿ ನಿಮಗೆ ಬರಲು ದಾರಿ ಇದೆ.

ಈಗ ತಮಟೆ. ಖಂಡಿತ ತಗೊಂಡು ಹೋಗಿ, ಆದರೆ ಚರ್ಮದ್ದು ಬೇಡ. ಇಲ್ಲಿ ಶ್ರುತಿ ಇಳಿದರೆ ನಾಲ್ಕು ಕಾಗದ, ಹುಲ್ಲು ಹಚ್ಚಿ ಬೆಂಕಿಗೆ ಹಿಡಿದು ಬಿಸಿ ಮಾಡುತ್ತೀರಿ. ಬ್ರೈಟನ್ ಸಮುದ್ರದ ಪಕ್ಕದ ಊರು. ತೇವಕ್ಕೆ ಚರ್ಮ ಸಡಿಲ ಆಗೇ ಆಗುತ್ತದೆ. ಕ್ಲಬ್ ಒಳಗೆ ಬೆಂಕಿ ಹಚ್ಚಲು ಯಾರೂ ಬಿಡಲ್ಲ. ಫೈಬರ್ ಹೊದಿಕೆಯ ತಮಟೆ ನಮ್ಮಲ್ಲೇ ಸಿಗುತ್ತದೆ. ನಾದ ಸ್ವಲ್ಪ ತೆಳುವು, ನಿಮ್ಮ ತಮಟೆಯವರಿಗೆ ಮೊದಲು ಬೇಜಾರಾಗಬಹುದು. ಈಗಿನಿಂದಲೇ ಅದರಲ್ಲಿ ಅಭ್ಯಾಸ ಮಾಡಲಿ. ಅದಕ್ಕೆ ಯಾವ ಮೈಕ್, ಎಲ್ಲಿ ಇಡಬೇಕು ಅಂತ ಸ್ಟೇಜ್ ಪ್ಲಾಟ್‌ನಲ್ಲಿ (ಸ್ಟೇಜ್ ಮೇಲೆ ಯಾರು, ಯಾವ ವಾದ್ಯ ಎಲ್ಲಿ ಅಂತ ತೋರಿಸುವ ನಕ್ಷೆ) ಚಿತ್ರ ಸಮೇತ ಬರೆದು ಕಳಿಸಿ. ಅಲ್ಲಿನ ಸೌಂಡ್ ಎಂಜಿನಿಯರ್ ತಮಟೆ ಕಂಡಿರಲಿಕ್ಕಿಲ್ಲ. ಸೌಂಡ್ ಚೆಕ್‌ಗೆ ಸಮಯ ಇರುವುದಿಲ್ಲ, ಲೈನ್ ಚೆಕ್ ಮಾಡಿ, ಅಂದರೆ ಪ್ರತಿ ಮೈಕ್, ವಾದ್ಯದ ಸೌಂಡ್ ಬರುತ್ತಿದೆಯಾ ಅಂತಷ್ಟೇ ನೋಡಿ, ಶುರು ಮಾಡಬೇಕು. ಡ್ರಮ್ ಕಿಟ್, ಆಂಪ್ ಸಾಮಾನ್ಯವಾಗಿ ಅವರೇ ಇಟ್ಟಿರುತ್ತಾರೆ. ಸ್ನೇರ್, ಸಿಂಬಲ್, ಕಿಕ್ ಪೆಡಲ್ ನಿಮ್ಮದೇ ಇರಲಿ. ಕರೆಂಟ್ ನಮ್ಮ ಹಾಗೇ 230 ವೋಲ್ಟ್, ಪ್ಲಗ್ ಮಾತ್ರ ಬೇರೆ.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): ಮೇಡಂ, ವೀಸಾ ಯಾವುದು ಹಾಕಬೇಕು? ಟೂರಿಸ್ಟ್ ಅಂತ ಬರೆದರೆ ಬೇಗ ಆಗುತ್ತದೆ ಅಂತ ಯಾರೋ ಹೇಳಿದರು.

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಗಿಟಾರ್ ಹೆಗಲಿಗೆ ಹಾಕಿಕೊಂಡು ಇಮಿಗ್ರೇಷನ್ ಮುಂದೆ ನಿಂತು ಸುಳ್ಳು ಹೇಳಬೇಕಾಗುತ್ತದೆ. ಕಲಾವಿದರಿಗೆ ನೇರ ದಾರಿಯೇ ಇದೆ. ಸಂಭಾವನೆ ಸಿಗುವ ಕಾರ್ಯಕ್ರಮಕ್ಕೆ ಮೊದಲು ಪ್ರತ್ಯೇಕ ವಿಸಿಟರ್ ವೀಸಾ ಇತ್ತು. 2024ರ ಜನವರಿ 31ರಿಂದ ಅದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾದೊಳಗೇ ಸೇರಿದೆ. ಅಲ್ಲಿನ ಸಂಸ್ಥೆಯ ಆಹ್ವಾನ ಪತ್ರ ಹೊರಡುವ ಮುಂಚೆಯೇ ಕೈಯಲ್ಲಿರಬೇಕು, ಆ ಕಾರ್ಯಕ್ರಮ ಅಲ್ಲಿಗೆ ಹೋದ 30 ದಿನದೊಳಗೆ ಮುಗಿಯಬೇಕು. ಲಂಡನ್‌ನಲ್ಲಿ ಇನ್ನೊಂದು ಶೋ ಹಾಕಿಕೊಂಡರೆ ಅದಕ್ಕೂ ಪತ್ರ ಬೇಕು. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆ ವಾರದವರೆಗೆ ಕಾಯಬೇಡಿ. ಪ್ಯಾರಿಸ್, ಬರ್ಲಿನ್ ಆಸೆ ಇದ್ದರೆ ಶೆಂಗೆನ್ ವೀಸಾ (ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ವೀಸಾ) ಬೇರೆಯೇ ಬೇಕು.

ಇನ್ನೊಂದು ವಿಷಯ. ಹೊರಡುವ ದಿನ ಕೆಂಪೇಗೌಡ ಏರ್‌ಪೋರ್ಟ್‌ಗೆ ಸ್ವಲ್ಪ ಬೇಗ ಹೋಗಿ, ಬೆಲೆಬಾಳುವ ವಾದ್ಯಗಳನ್ನು ಕಸ್ಟಮ್ಸ್‌ನವರಿಗೆ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ತಗೊಳ್ಳಿ. ವಾದ್ಯದ ಸೀರಿಯಲ್ ನಂಬರ್, ಬಿಲ್ ಜೊತೆಗಿರಲಿ. ವಾಪಸ್ ಬರುವಾಗ ಅದೇ ಗಿಟಾರ್‌ಗೆ ಸುಂಕ ಕೇಳುವ ಪ್ರಶ್ನೆ ಬರಲ್ಲ.

ಪ್ರಶ್ನೆ: ನಾನು ಈ ಬ್ಯಾಂಡ್‌ನ ಡ್ರಮ್ಸ್ ಹುಡುಗನ ತಾಯಿ. ಸಂಭಾವನೆ ಎಷ್ಟು ಕೊಡ್ತಾರಮ್ಮಾ? ಅಲ್ಲಿ ಪರಿಚಯ ಮಾಡಿಸ್ತೀವಿ ಅಂತ ಒಬ್ಬರು ಏಜೆಂಟ್ ಮುಂಗಡ ಕೇಳ್ತಿದ್ದಾರಂತೆ. ಮಗ ಚಿನ್ನ ಅಡ ಇಡೋಣ ಅಂತಾನೆ.

ಉತ್ತರ: ಅಮ್ಮಾ, ಚಿನ್ನ ಅಡ ಇಡಬೇಡಿ. ಇಂಥ ಶೋಕೇಸ್‌ಗಳಲ್ಲಿ ಸಂಭಾವನೆ ತೀರಾ ಕಡಿಮೆ, ಕೆಲವು ಕಡೆ ಇರುವುದೇ ಇಲ್ಲ. ವಿಮಾನ, ವಸತಿ ಬ್ಯಾಂಡ್‌ನವರದ್ದೇ. ಆ ಏಜೆಂಟ್‌ಗೆ ಒಂದು ರೂಪಾಯಿಯೂ ಕೊಡಬೇಡಿ ಅಂತ ಮಗನಿಗೆ ಹೇಳಿ. ನಿಜವಾದ ಬುಕಿಂಗ್ ಏಜೆಂಟ್ ಶೋ ಹಿಡಿದು ಕೊಟ್ಟ ಮೇಲೆ ಆ ಸಂಭಾವನೆಯಲ್ಲಿ ಶೇಕಡ 10ರಿಂದ 15 ತಗೊಳ್ಳುತ್ತಾರೆ, ಮುಂಗಡ ಕೇಳುವುದಿಲ್ಲ.

ದುಡ್ಡು ಹೊಂದಿಸಲು ಇಲ್ಲಿ ಒಂದೆರಡು ಟಿಕೆಟ್ ಶೋ ಮಾಡಲಿ. 1950ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಮಂಡಳಿ) ಕಲಾವಿದರನ್ನು ಹೊರದೇಶಕ್ಕೆ ಕಳಿಸುತ್ತದೆ, ಬೆಂಗಳೂರಿನಲ್ಲೂ ಅದರ ಕಚೇರಿ ಇದೆ. ಈ ಸಲಕ್ಕೆ ಆಗದಿದ್ದರೂ ಮುಂದಿನ ಸಲಕ್ಕೆ ವಿಚಾರಿಸಿಟ್ಟುಕೊಳ್ಳಲಿ. ಮತ್ತೆ, ಈ ವರ್ಷವೇ ಕರೆ ಬರುತ್ತದೆ ಅಂತ ಕಾಯಬೇಡಿ. ಮೇ ಹೊತ್ತಿಗೆ ಆ ಬೇಸಿಗೆಯ ಫೆಸ್ಟಿವಲ್‌ಗಳ ಪಟ್ಟಿ ಬಹುಪಾಲು ಮುಗಿದಿರುತ್ತದೆ. ಈಗ ಆಗುವ ಪರಿಚಯ ಮುಂದಿನ ವರ್ಷದ ಬೇಸಿಗೆಗೆ. ಅಲ್ಲಿವರೆಗೆ ಮಗ ಕೆಲಸ ಬಿಡದೆ ರಜೆ ಹಾಕಿ ಹೋಗಿಬರಲಿ.

ಪ್ರಶ್ನೆ: ಮೇಡಂ, ಕೊನೆಯದಾಗಿ. ಶೋ ಮುಗಿದ ಮೇಲೆ ಏನು ಮಾಡಬೇಕು?

ಉತ್ತರ: ವಾದ್ಯ ಕಟ್ಟುವ ಕೆಲಸ ನಾಲ್ಕು ಜನ ನೋಡಿಕೊಳ್ಳಲಿ. ಮಾತು ಬಲ್ಲ ಒಬ್ಬರು ಕೂಡಲೇ ಸ್ಟೇಜ್‌ನಿಂದ ಇಳಿದು ಬಾಗಿಲ ಹತ್ತಿರ ನಿಲ್ಲಲಿ. ಡೆಲಿಗೇಟ್‌ಗಳು ಅಲ್ಲಿಂದಲೇ ಹೊರಗೆ ಹೋಗಬೇಕು. ಕಾರ್ಡ್ ಕೊಟ್ಟವರು ಯಾವ ಹಾಡಿನ ಬಗ್ಗೆ ಮಾತಾಡಿದರು ಅಂತ ಅದರ ಹಿಂದೆ ಅಲ್ಲೇ ಬರೆದುಕೊಳ್ಳಿ. ಮೂರು ದಿನದೊಳಗೆ ಆ ಹಾಡಿನ ಲಿಂಕ್ ಸಮೇತ ಅವರಿಗೆ ಮೇಲ್ ಹೋಗಲಿ. ಉತ್ತರ ಬರದಿದ್ದರೆ ಸೆಪ್ಟೆಂಬರ್‌ನಲ್ಲಿ, ಮುಂದಿನ ಬೇಸಿಗೆಯ ಬುಕಿಂಗ್ ಶುರುವಾಗುವ ಹೊತ್ತಿಗೆ, ಹೊಸ ಹಾಡು ಒಂದಿದ್ದರೆ ಇನ್ನೊಮ್ಮೆ ಬರೆಯಿರಿ. ವಿಡಿಯೋ ಆದ ಮೇಲೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.