ಅಮ್ಮನ ಮೇಲೆ ರೇಗದೆ ಇರುವುದು ಹೇಗೆ?

ಬೊಮ್ಮನಹಳ್ಳಿ_ಮಗಳು:
ಎಲ್ಲರಿಗೂ ವಂದನೆ. ಸಂಜೆ ಸಿಲ್ಕ್ ಬೋರ್ಡ್ ದಾಟಿ ಮನೆ ಸೇರುವಷ್ಟರಲ್ಲಿ ಎಂಟೂವರೆ ಆಗಿರುತ್ತದೆ. ಚಪ್ಪಲಿ ಬಿಡುವ ಮೊದಲೇ ಅಮ್ಮ ಕೇಳುತ್ತಾರೆ, "ಗ್ಯಾಸ್ ಬುಕ್ ಮಾಡಿದ್ಯಾ?" ಮಾಡಿದ್ದೀನಮ್ಮ ಅನ್ನುತ್ತೇನೆ. ಐದು ನಿಮಿಷಕ್ಕೆ ಮತ್ತೆ ಅದೇ. ನಿನ್ನೆ ಆರನೇ ಸಲ ಕೇಳಿದಾಗ ಕಿರುಚಿಬಿಟ್ಟೆ. ಅವರು ಏನೂ ಅನ್ನಲಿಲ್ಲ, ಅವರೆಕಾಯಿ ಸುಲಿಯುತ್ತಿದ್ದ ಮೊರ ಪಕ್ಕಕ್ಕಿಟ್ಟು ಸೆರಗಿನಲ್ಲಿ ಬಿದ್ದಿದ್ದ ಕಾಳನ್ನ ಒಂದೊಂದೇ ಆರಿಸುತ್ತಾ ಕೂತರು. ದಿನಾ ರಾತ್ರಿ ತಾಳ್ಮೆ ಕೊಡು ದೇವರೇ ಅಂತ ಬೇಡುತ್ತೇನೆ, ಬೆಳಗಾದರೆ ಅದೇ ಕತೆ. ಭಾನುವಾರ ಚರ್ಚ್ ಸಭೆಯಲ್ಲಿ ಹಾಡುವ ಬಾಯಲ್ಲೇ ಇದೂ ಬರುತ್ತಲ್ಲ ಅಂತ ಸಂಕಟ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಹಳೇ_ಸಭೆಯವರು:
ಅಮ್ಮನ ಹತ್ತಿರ ಕ್ಷಮೆ ಕೇಳಿದಿರಾ ಸಿಸ್ಟರ್? ಮೊದಲು ಅದು. ಹೊತ್ತು ಮುಳುಗುವ ಮುಂಚೆ ಸಿಟ್ಟು ತೀರಲಿ ಅಂತ ಎಫೆಸ 4:26ರಲ್ಲಿ ಇದೆ ಅಲ್ವಾ. ಗಲಾತ್ಯ 5:22ರಲ್ಲಿ ನಮ್ಮ ಕನ್ನಡ ಬೈಬಲ್ ತಾಳ್ಮೆಗೆ ಬಳಸುವ ಪದ ದೀರ್ಘಶಾಂತಿ, ಅದು ಆತ್ಮದ ಫಲ. ಫಲ ಅಂದಮೇಲೆ ರಾತ್ರಿ ಬೇಡಿಕೊಂಡು ಬೆಳಗ್ಗೆ ಕೀಳೋಕೆ ಆಗುವುದಿಲ್ಲ. ಯಾಕೋಬ 5:7ರ ರೈತ ಮುಂಗಾರು ಹಿಂಗಾರು ಎರಡಕ್ಕೂ ಕಾಯುತ್ತಾನೆ. ಬೈಬಲ್‌ನ ಆ ನಾಡಿನಲ್ಲಿ ಮೊದಲ ಮಳೆ ಅಕ್ಟೋಬರ್-ನವೆಂಬರ್‌ನಲ್ಲಿ, ಕೊನೆಯದು ಮಾರ್ಚ್-ಏಪ್ರಿಲ್‌ನಲ್ಲಿ. ಅಷ್ಟು ತಿಂಗಳು ಅವನೇನು ಸುಮ್ನೆ ಕೂರುತ್ತಾನಾ, ಹೊಲದಲ್ಲೇ ಇರುತ್ತಾನೆ.

ಅಪ್ಪನ_ಮಗ:
ಅಕ್ಕಾ, ಇದನ್ನ ಬರೀ ನಿಮ್ಮ ಕೋಪದ ವಿಷಯ ಅಂದುಕೊಳ್ಳಬೇಡಿ. ನಮ್ಮ ಅಪ್ಪನೂ ಹೀಗೇ ಕೇಳಿದ್ದನ್ನೇ ಕೇಳುತ್ತಿದ್ದರು, ವಯಸ್ಸಾಯ್ತು ಅಂತ ನಾವು ಎರಡು ವರ್ಷ ತಳ್ಳಿಬಿಟ್ಟೆವು, ಅದು ಈಗಲೂ ನನ್ನನ್ನ ಕೊರೆಯುತ್ತದೆ. ಬಿ12 ಕಡಿಮೆಯಾದರೂ ಥೈರಾಯ್ಡ್ ಏರುಪೇರಾದರೂ ಮರೆವು ಬರಬಹುದು, ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಡೆಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆಯ ಅನುಮಾನ ಇದ್ದರೆ ನಿಮ್ಹಾನ್ಸ್‌ನಲ್ಲಿ ನೋಡುತ್ತಾರೆ. ಕಾಯಿಲೆ ಅಂತ ತಿಳಿದ ದಿನವೇ ನನ್ನ ಅರ್ಧ ಸಿಟ್ಟು ಇಳಿಯಿತು. ಉಳಿದ ಅರ್ಧಕ್ಕೆ, ಗೇಟ್ ಹತ್ತಿರ ಎರಡು ನಿಮಿಷ ನಿಂತು "ಕರ್ತನೇ, ಕರುಣಿಸು" ಅಂತ ಹೇಳಿಕೊಂಡೇ ಒಳಗೆ ಹೋಗುತ್ತಿದ್ದೆ. ಮತ್ತೆ, ಗ್ಯಾಸ್ ಬುಕ್ ಆಗಿದೆ ಅಂತ ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ.

ಹೊಸೂರು_ರೋಡ್:
ಅಣ್ಣ ತಮ್ಮ ಯಾರಾದರೂ ಇದ್ದರೆ ವಾರಕ್ಕೆ ಒಂದು ದಿನ ಬಂದು ಇರಲಿ. ನೀವೂ ಸುಸ್ತಾಗಿದ್ದೀರಿ ಅಕ್ಕಾ.

ಬೊಮ್ಮನಹಳ್ಳಿ_ಮಗಳು:
ಈಗಷ್ಟೇ ಕ್ಷಮೆ ಕೇಳಿದೆ. "ಯಾತಕ್ಕಮ್ಮಾ?" ಅಂದರು. ನಿನ್ನೆಯದು ಅವರಿಗೆ ನೆನಪೇ ಇಲ್ಲ. ಶನಿವಾರ ರಕ್ತಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ. ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದೇನೆ, ಅದರ ಮುಂದೆ ನಿಂತು ಓದುತ್ತಿದ್ದಾರೆ.