ಅಪ್‌ಡೇಟ್: ಅಪ್ಪನ ಹಳೇ ಗಾಡಿ ಮಾರಲಿಲ್ಲ

ಹೋದ ತಿಂಗಳು ಕೇಳಿದ್ದೆ: ಅಪ್ಪ ಕೊಂಡಿದ್ದ 2009ರ ಡೀಸೆಲ್ ಎಸ್‌ಯುವಿ, ಒಂದೇ ಬೇಸಿಗೆಯಲ್ಲಿ ಮೂರು ಸಲ ಹೀಟ್ ಆಗಿ ನಿಂತಿದೆ. ಹಾಗೆ ನಿಂತಾಗಲೇ ಒಮ್ಮೆ ಹಿಂದಿನಿಂದ ಟ್ರ್ಯಾಕ್ಟರ್ ಗುದ್ದಿದೆ. ಇಟ್ಕೊಳ್ಳಲಾ, ಬಿಡಲಾ? ಅವ್ವ ಅಂತೂ "ಅದಕ್ಕ ಯಾರದೋ ದೃಷ್ಟಿ ತಾಗೇದ, ಮಾರಿಬಿಡಪ್ಪ" ಅಂತಿದ್ದಳು.

ಕಲಬುರಗಿಯ ನಮ್ಮ ಗ್ಯಾರೇಜಿನ ಚಾಚಾ ಇಂಜಿನ್ ಆಯಿಲ್ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ತೋರಿಸಿದರು. ಕಪ್ಪಗಿರಬೇಕಾದ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್, ಹೋಗಿ ನೀರು ಆಯಿಲ್‌ಗೆ ಸೇರಿತ್ತು. ಆದರೆ ಮೂಲ ರೋಗ ಇದ್ದದ್ದು ರೇಡಿಯೇಟರ್‌ನಲ್ಲಿ. ಕೊಳವೆಗಳ ಬಾಯಲ್ಲಿ ಸುಣ್ಣದಂಥ ಬಿಳಿ ಪದರ, ಉಗುರಿನಿಂದ ಕೆರೆದರೂ ಏಳಲಿಲ್ಲ. ಅದಕ್ಕೇ ಇಂಜಿನ್ ತಣ್ಣಗಾಗದೆ ಹೀಟ್ ಆಗುತ್ತಿತ್ತು. ನಮ್ಮದು ಶಹಾಬಾದ್ ಕಲ್ಲಿನ, ಅಂದರೆ ಸುಣ್ಣಕಲ್ಲಿನ ಸೀಮೆ, ಬೋರ್ ನೀರು ಗಡಸು ಅಲ್ವಾ? ವರ್ಷಗಟ್ಟಲೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಬದಲು ಅದನ್ನೇ ಸುರಿದಿದ್ದೆವು. ಪಾಪ, ಗಾಡಿಯನ್ನು ಸುಮ್ನೆ ಬೈದೆವು.

ಹೆಡ್ ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಿ (ಮೇಲ್ಮೈ ಸಮ ಮಾಡಿಸಿ), ಹೊಸ ಗ್ಯಾಸ್ಕೆಟ್, ಹೊಸ ರೇಡಿಯೇಟರ್ ಹಾಕಿಸಿದೆ. ಒಟ್ಟು 38,000 ರೂಪಾಯಿ. ಜಾಸ್ತಿಯೇ. ಆದರೆ ಚಾಸಿಗೆ ಎಲ್ಲೂ ತುಕ್ಕಿಲ್ಲ. 15 ವರ್ಷ ತುಂಬಿದಾಗ ಆರ್‌ಸಿ ನವೀಕರಿಸಿದ್ದೆ, 2029ರ ತನಕ ಓಡಿಸಬಹುದು. 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅಂತ ಕೆಲವರು ಹೇಳಿದ ನಿಯಮ ದೆಹಲಿ ಕಡೆಯದು, ನಮ್ಮಲ್ಲಿಲ್ಲ.

ಮೊನ್ನೆ ಮಟಮಟ ಮಧ್ಯಾಹ್ನ ಅವ್ವನನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗಿ ಬಂದೆ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಇಳಿಯುವಾಗ ಅವ್ವ ಬಾನೆಟ್ ಮೇಲೆ ಒಂದು ಕ್ಷಣ ಕೈಯಿಟ್ಟಳು. ಮಾರೋ ಮಾತು ಆಮೇಲೆ ಎತ್ತಿಲ್ಲ.